ಕೇಳದೆ ಕಿತ್ತ ಆರು ಬದನೆಕಾಯಿ

ದಫೇದಾರರೆಂದರೆ ನನಗೆ ಹೆದರಿಕೆ. ಅವರು ನನಗೆ ಕೆಟ್ಟದ್ದೇನೂ ಮಾಡಿರಲಿಲ್ಲ, ಗಟ್ಟಿಯಾಗಿ ಒಂದು ಮಾತೂ ಆಡಿರಲಿಲ್ಲ. ಆದರೆ ನನ್ನ ತವರಿನ ಓಣಿಗೆ ಪೊಲೀಸಿನವರು ಕಾಲಿಟ್ಟರೆ ಹೆಂಗಸರೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಅಭ್ಯಾಸ ನನ್ನ ಮೈಯಲ್ಲಿ ಉಳಿದುಬಿಟ್ಟಿತ್ತು. ಈ ದಫೇದಾರರು ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಮೀಸೆ ನಿವೃತ್ತವಾಗಿರಲಿಲ್ಲ. ಖಾಕಿ ಚಡ್ಡಿ, ಬನಿಯನ್ನು ಹಾಕಿಕೊಂಡು, ಬಗಲಲ್ಲಿ ಗುದ್ದಲಿ ಇಟ್ಟುಕೊಂಡು ಬದುವಿನ ಮೇಲೆ ನಡೆದು ಬರುತ್ತಿದ್ದರೆ ನಾನು ತಲೆಯ ಮೇಲೆ ಸೆರಗೆಳೆದುಕೊಂಡು ನನ್ನ ಮೆಂತ್ಯದ ಪಾತಿಯನ್ನೇ ನೋಡುತ್ತ ಕೂತುಬಿಡುತ್ತಿದ್ದೆ. ನನ್ನ ತುಂಡಿನ ಪಕ್ಕದ ತುಂಡೇ ಅವರದು.

ತುಂಡು ಎಂದರೆ ಏನೆಂದು ಹೇಳಬೇಕು. ಐವತ್ತರ ದಶಕದ ನಡುವಿನ ಮಾತು ಇದು. ರಾಜಾಜಿನಗರದಲ್ಲಿ ಆಗಷ್ಟೇ ಸಾಲುಮನೆಗಳು ಎದ್ದಿದ್ದವು. ಯಜಮಾನರಿಗೆ ಕಾರ್ಖಾನೆಯಲ್ಲಿ ಕೆಲಸ, ಹಾಗಾಗಿ ನಮಗೂ ಒಂದು ಮನೆ ಸಿಕ್ಕಿತ್ತು. ನಾನು ದಾವಣಗೆರೆ ಕಡೆಯಿಂದ ಮದುವೆಯಾಗಿ ಬಂದು ಮೂರು ವರ್ಷ; ಇಪ್ಪತ್ತೊಂದು ವಯಸ್ಸು, ಎರಡು ವರ್ಷದ ಒಬ್ಬಳು ಮಗಳು, ಮನೆಯಲ್ಲಿ ಅತ್ತೆ. ನಮ್ಮ ಮನೆಯ ಸಾಲು ಮುಗಿದ ಮೇಲೆ ಬರೀ ಕೆಮ್ಮಣ್ಣಿನ ಬಯಲು, ಲಂಟಾನದ ಪೊದೆ. ಅದನ್ನು ದಾಟಿ ಕಾಮಾಕ್ಷಿಪಾಳ್ಯದ ಕಡೆಗೆ ಹತ್ತು ನಿಮಿಷ ನಡೆದರೆ ಹಳ್ಳಿಯ ಅಜ್ಜಿಯೊಬ್ಬಳ ಹೊಲ. ಹೊಲದ ನಡುವೆ ಕಲ್ಲು ಕಟ್ಟಿದ ಬಾವಿ, ಬಾವಿಯ ಪಕ್ಕ ಒಂದು ಹೊಂಗೆಮರ. ಆ ನೆಲವನ್ನೂ ಸೈಟು ಮಾಡುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಗಂಡ ಇಲ್ಲದ ಅಜ್ಜಿಗೆ ಒಂಟಿಯಾಗಿ ಉಳುವ ಶಕ್ತಿ ಇರಲಿಲ್ಲ. ನೋಟೀಸು ಬರುವ ತನಕ ಇರಲಿ ಎಂದು ಹೊಲವನ್ನು ಇಪ್ಪತ್ತು ತುಂಡು ಮಾಡಿ, ನಮ್ಮಂಥ ಹೊಸ ಮನೆಯವರಿಗೆ ವರ್ಷದ ಬಾಡಿಗೆಗೆ ಕೊಟ್ಟಿದ್ದಳು. ಸೊಪ್ಪು, ತರಕಾರಿ ಬೆಳೆದುಕೊಳ್ಳಬಹುದು; ಮೊದಲ ಕೊಯ್ಲಿನದ್ದು ಒಂದು ಮೊರ ಅಜ್ಜಿಗೆ ಕೊಡಬೇಕು.

ಕಾಗದ ಪತ್ರ ಏನೂ ಇರಲಿಲ್ಲ, ಅಜ್ಜಿಗೆ ಓದು ಬರುತ್ತಿರಲಿಲ್ಲ. ತುಂಡು ಹಿಡಿಯಲು ಹೋದವರನ್ನು ಬಾವಿಕಟ್ಟೆಯ ಮುಂದೆ ನಿಲ್ಲಿಸಿ ಕಟ್ಟಳೆಗಳನ್ನು ಬಾಯಲ್ಲಿ ಹೇಳುತ್ತಿದ್ದಳು, ಆಮೇಲೆ ಅವರ ಬಾಯಲ್ಲಿ ಹೇಳಿಸುತ್ತಿದ್ದಳು. ನನ್ನನ್ನೂ ಹಾಗೇ ನಿಲ್ಲಿಸಿದಳು.

"ನೋಡವ್ವಾ, ಬದಿನ ಮೇಲೆ ನಡೀಬೇಕು, ಇನ್ನೊಬ್ಬರ ತುಂಡಿಗೆ ಕಾಲಿಕ್ಕಂಗಿಲ್ಲ. ನಿನ್ನ ಸರದಿ ಮುಗೀತು ಅಂದ್ರೆ ಅರ್ಧ ಕೊಡ ಬಾಕಿ ಇದ್ರೂ ಹಗ್ಗ ಬಿಟ್ಬಿಡಬೇಕು. ಇನ್ನೊಬ್ಬರು ಬೆಳ್ದಿದ್ದ ಕೇಳ್ದೆ ಕೀಳಂಗಿಲ್ಲ. ನೆಲಕ್ಕೆ ಬಿದ್ದಿದ್ರೂ ಸರಿ, ಅದು ಅವರ್ದೇ. ಬೇಕು ಅಂದ್ರೆ ಬಾಯಿಬಿಟ್ಟು ಕೇಳು. ಕೇಳಿದೋರಿಗೆ ಇಲ್ಲ ಅನ್ನಂಗಿಲ್ಲ, ಅದೂ ಕಟ್ಟಳೆನೇ. ಪಕ್ಕದೋರು ಕಾಯ್ಲೆ ಬಿದ್ರೆ ಅವರ ಗಿಡಕ್ಕೆ ನೀನು ನೀರು ಹಾಕಬೇಕು. ತಿಂಗಳು ಬೀಳು ಬಿಟ್ರೆ ತುಂಡು ಬೇರೇರಿಗೆ. ಹೇಳು ಈಗ."

ನಾನು ಶಾಲೆಯ ಹುಡುಗಿಯಂತೆ ಕೈಕಟ್ಟಿಕೊಂಡು ಒಪ್ಪಿಸಿದೆ. ಒಂದನ್ನು ಮರೆತೆ. "ಇನ್ನೊಂದ್ ದಪ ಹೇಳು" ಎಂದಳು. ಮತ್ತೆ ಹೇಳಿದೆ. ಬೆನ್ನು ಬೆವರಿತ್ತು.

ಆ ಬಯಲಿನ ದಾರಿಗೆ ಹೆದರುತ್ತಿದ್ದೆ, ಬಾವಿಗೆ ಹೆದರುತ್ತಿದ್ದೆ, ಅಜ್ಜಿಗೂ ಹೆದರುತ್ತಿದ್ದೆ. ಆದರೂ ಆ ತುಂಡು ಬೇಕಿತ್ತು. ಅತ್ತೆಯ ಕಣ್ಣಿಂದ ಎರಡು ತಾಸು ದೂರ ಇರುವುದಕ್ಕೆ ನನಗಿದ್ದ ನೆಲ ಅದೊಂದೇ. ಅತ್ತೆ ಕೆಟ್ಟವರಲ್ಲ, ಮಾತು ಕಡಿಮೆ. ಸುಮ್ಮನೆ ನೋಡುತ್ತಿದ್ದರು. ರೊಟ್ಟಿ ಸೀದರೆ ನೋಡುತ್ತಿದ್ದರು, ಹಾಲು ಉಕ್ಕಿದರೆ ನೋಡುತ್ತಿದ್ದರು.

ಆ ಬೇಸಿಗೆಯ ಆರಂಭದಲ್ಲಿ ನಾದಿನಿ ಹೆರಿಗೆಗೆಂದು ತವರಿಗೆ ಬಂದಳು. ಏಳು ತಿಂಗಳು ತುಂಬಿತ್ತು. ಹಿಂದೆ ಒಂದು ಸಲ ಗರ್ಭ ನಿಂತಿರಲಿಲ್ಲ, ಹಾಗಾಗಿ ಅತ್ತೆ ಅವಳನ್ನು ನೆಲದ ಮೇಲೆ ನಡೆಸಿದರೆ ಹೆಚ್ಚು ಎಂಬಂತೆ ನೋಡಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ನನಗೆ ಜ್ವರ ಬಂದು ಎಂಟು ದಿನ ತುಂಡಿನ ಕಡೆ ಹೋಗಲಾಗಲಿಲ್ಲ.

ಜ್ವರ ಬಿಟ್ಟ ಮೇಲಿನ ಸೋಮವಾರ. ಬೆಳಿಗ್ಗೆ ನಾದಿನಿ ಕಟ್ಟೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತ, "ಅತ್ತಿಗೀ, ಬದ್ನಿಕಾಯಿ ಎಣ್ಣೆಗಾಯಿ ತಿನ್ಬೇಕು ಅನ್ನಿಸೇತಿ ನೋಡು. ರಾತ್ರಿ ಕನಸ್ನಾಗೂ ಅದೇ ಬಂದಿತ್ತು," ಎಂದಳು.

ಒಳಗಿಂದ ಅತ್ತೆ ಹೊರಗೆ ಬಂದರು. "ಬಸುರಿ ಬಯಕಿ ನಾಳೆ ಅನ್ನಬಾರ್ದು. ನಿನ್ನ ತುಂಡಿನಾಗ ಹಾಕೀಯಲ್ಲ ಬದ್ನಿ? ಹೋಗಿ ತಾ," ಎಂದು ನನಗೆ ಹೇಳಿದರು.

ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬುಟ್ಟಿ ಹಿಡಿದು ಹೊರಟೆ. ಒಂಬತ್ತು ಗಂಟೆ ದಾಟಿರಬೇಕು. ಆ ಹೊತ್ತಿಗೆ ಅಜ್ಜಿ ಎಮ್ಮೆ ನೋಡಿಕೊಳ್ಳಲು ಹಳ್ಳಿಯೊಳಗೆ ಹೋಗಿರುತ್ತಿದ್ದಳು, ಗಂಡಸರು ಕೆಲಸಕ್ಕೆ. ಹೊಲದಲ್ಲಿ ನರಪಿಳ್ಳೆ ಇರಲಿಲ್ಲ. ನನ್ನ ತುಂಡು ಒಣಗಿ ಹೋಗಿರುತ್ತದೆ ಎಂದುಕೊಂಡು ಬಂದರೆ ಪಾತಿ ಹಸಿಯಾಗಿತ್ತು. ಯಾರೋ ನೀರು ಹಾಕಿದ್ದರು. ಆದರೆ ಬದನೆಗಿಡದಲ್ಲಿ ಇದ್ದ ಕಾಯಿಗಳೆಲ್ಲ ಹುಳ ಕೊರೆದವು. ಒಂದನ್ನು ಮುರಿದೆ, ಒಳಗೆ ಕಪ್ಪು ಹಿಟ್ಟು. ಇನ್ನೊಂದು, ಮತ್ತೊಂದು. ಎಲ್ಲವೂ ಹಾಗೇ.

ಬದುವಿನಾಚೆ ದಫೇದಾರರ ಗಿಡಗಳಲ್ಲಿ ಕಾಯಿ ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಎಣ್ಣೆಗಾಯಿಗೆ ಹೇಳಿ ಮಾಡಿಸಿದಂಥ ಪುಟ್ಟ, ದುಂಡು, ನೇರಳೆ ಬಣ್ಣದ ಕಾಯಿ. ಒಂದಕ್ಕೂ ಒಂದು ಚುಕ್ಕೆ ಇರಲಿಲ್ಲ. ತುಂಡಿನ ನಾಲ್ಕು ಮೂಲೆಗೂ ಬೇವಿನ ಕೊಂಬೆ ನೆಟ್ಟಿದ್ದರು. ದೃಷ್ಟಿ ತಾಗಬಾರದೆಂದು ನೆಟ್ಟಿರಬೇಕು ಎಂದುಕೊಂಡೆ.

ಅವರ ಮನೆ ನನಗೆ ಗೊತ್ತಿತ್ತು, ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ. ಹೋಗಿ ಕೇಳಿದ್ದರೆ ಕೊಡುತ್ತಿದ್ದರು. ಕೊಡಲೇಬೇಕೆಂಬ ಕಟ್ಟಳೆಯೂ ಇತ್ತು. ಆದರೆ ಆ ಬಾಗಿಲು ತಟ್ಟುವುದು, ಆ ಮೀಸೆಯ ಮುಂದೆ ನಿಂತು ಬಾಯಿ ಬಿಡುವುದು ನನ್ನಿಂದಾಗದು ಎನ್ನಿಸಿತು. ಬರಿಗೈಯಲ್ಲಿ ಹೋದರೆ ಅತ್ತೆ ನೋಡುವ ನೋಟವೂ ಕಣ್ಣೆದುರು ಬಂತು. ಸುತ್ತ ನೋಡಿದೆ. ಬದುವಿನ ಮೇಲೆ ನಿಂತೇ ಕೈಚಾಚಿ ಆರು ಕಾಯಿ ಕಿತ್ತೆ. ತುಂಡಿನೊಳಗೆ ಕಾಲಿಡಲಿಲ್ಲ. ಅಷ್ಟರಮಟ್ಟಿಗೆ ಕಟ್ಟಳೆ ಪಾಲಿಸಿದೆ ಎಂಬ ಸಮಾಧಾನ ಆಗ ಹೇಗೆ ಬಂತೋ ತಿಳಿಯದು. ಕಾಯಿಯ ಮೇಲೆ ತೆಳ್ಳಗೆ ಬಿಳಿ ಧೂಳು ಇದ್ದ ಹಾಗಿತ್ತು. ಅದನ್ನು ಸೆರಗಿನಲ್ಲಿ ಒರೆಸಿ, ಮೇಲೆ ನನ್ನ ಮೆಂತ್ಯಸೊಪ್ಪು ಮುಚ್ಚಿ ಮನೆಗೆ ತಂದೆ.

ಬೀದಿ ನಲ್ಲಿಯ ನೀರಲ್ಲಿ ಒಂದು ಸಲ ತೊಳೆದು, ನಾಲ್ಕು ಸೀಳು ಮಾಡಿ, ಶೇಂಗಾ ಪುಡಿ, ಗುರೆಳ್ಳು ಪುಡಿ ತುಂಬಿ ಎಣ್ಣೆಗಾಯಿ ಮಾಡಿದೆ. ಜೋಳದ ರೊಟ್ಟಿ ತಟ್ಟಿದೆ. ನಾದಿನಿ ಮೂರು ಕಾಯಿ ತಿಂದಳು, ಬೆರಳು ನೆಕ್ಕಿದಳು. ಅತ್ತೆ ಒಂದು ತಿಂದರು. ಮಗಳು ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ ತಿಂದಳು. ಎರಡು ಕಾಯಿ ಯಜಮಾನರಿಗೆಂದು ಎತ್ತಿಟ್ಟೆ. ಸೋಮವಾರ ನನ್ನದು ಒಪ್ಪತ್ತು, ಸಂಜೆ ಪೂಜೆಯಾದ ಮೇಲೆ ಊಟ. ನಾನು ತಿನ್ನಲಿಲ್ಲ.

"ಚಲೋ ಆಗೇತಿ," ಎಂದರು ಅತ್ತೆ. ಅವರ ಬಾಯಿಂದ ಅಂಥ ಮಾತು ಮೂರು ವರ್ಷದಲ್ಲಿ ಎಷ್ಟು ಸಲ ಬಂದಿತ್ತೆಂದು ಬೆರಳಲ್ಲಿ ಎಣಿಸಬಹುದಿತ್ತು.

ಸೋಮವಾರ ನಾಲ್ಕು ಗಂಟೆಗೆ ಬಾವಿಯಲ್ಲಿ ನನ್ನ ಸರದಿ. ಹೋದೆ. ಅಜ್ಜಿ ಹೊಂಗೆಮರದ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಬಂದ್ಯಾ? ಜ್ವರ ಬಿಡ್ತಾ? ಎಂಟು ದಿನದಿಂದ ನಿನ್ನ ಗಿಡಕ್ಕೆ ದಫೇದಾರನೇ ನೀರು ಉಯ್ತಾವ್ನೆ. ಕಂಡಾಗ ಒಂದ್ ಮಾತು ಹೇಳವ್ವ," ಎಂದಳು. ನನ್ನ ಮುಖ ಬಿಸಿಯಾಯಿತು. ಹಗ್ಗ ಹಿಡಿದು ಬಗ್ಗಿದೆ. ಬೆನ್ನ ಹಿಂದೆ ಅವಳ ಮಾತು ಮುಂದುವರಿಯಿತು. "ಆ ಕಡೆ ಬದಿನ ಮೇಲೆ ಹೋಗ್ಬೇಡ ಕಣವ್ವ, ಸೆರಗು ಗಿರಗು ತಗುಲೀತು. ನೆನ್ನೆ ಸಂಜೆ ಬದನೆಗೆ ಹುಳದ ಮದ್ದು ಹೊಡ್ದವ್ನೆ. ಪ್ಯಾಟೆಯಿಂದ ತಂದಿದ್ದಂತೆ, ಬಲು ಖಾರದ್ದಂತೆ. ಹತ್ತು ದಿನ ಕಾಯಿ ಮುಟ್ಟಂಗಿಲ್ಲ ಅಂತ ಇದ್ದೋರಿಗೆಲ್ಲಾ ಹೇಳ್ದ. ಗುರ್ತಿಗೆ ಬೇವಿನ ಕೊನೆ ನೆಟ್ಟವ್ನೆ ನೋಡು."

ಹಗ್ಗ ಕೈಯಿಂದ ಜಾರಿತು. ಕೊಡ ಬಾವಿಯ ಗೋಡೆಗೆ ಬಡಿಯುತ್ತ ಕೆಳಗೆ ಹೋದ ಸದ್ದು ಕೇಳಿಸಿತು. "ಯಾಕವ್ವ? ತಲೆ ಸುತ್ತಿತಾ?" ಎಂದು ಅಜ್ಜಿ ಏಳುವಷ್ಟರಲ್ಲಿ ನಾನು ಹೊಲದ ಬೇಲಿಯ ತಡಿಕೆಬಾಗಿಲು ದಾಟಿ ಬಯಲಲ್ಲಿ ಓಡುತ್ತಿದ್ದೆ. ತಡಿಕೆ ಮುಚ್ಚಲಿಲ್ಲ. ಚಪ್ಪಲಿ ಬಾವಿಯ ಹತ್ತಿರವೇ ಉಳಿಯಿತು.

ಆ ಹತ್ತು ನಿಮಿಷದ ದಾರಿಯಲ್ಲಿ ನನಗೆ ಬಂದ ಯೋಚನೆಗಳನ್ನು ಇವತ್ತಿಗೂ ಪೂರ್ತಿ ಯಾರಿಗೂ ಹೇಳಿಲ್ಲ. ಮೊದಲು ಮಗಳು. ಆಮೇಲೆ ನಾದಿನಿ, ಅವಳ ಹೊಟ್ಟೆ. ಅದರ ಹಿಂದೆಯೇ ಇನ್ನೊಂದು ಬಂತು, ಅದು ಬಂದದ್ದಕ್ಕೆ ನನಗೆ ಇಂದಿಗೂ ನಾಚಿಕೆ: ಮನೆಯವರೆಲ್ಲ ತಿಂದಿದ್ದಾರೆ, ಸೊಸೆ ಒಬ್ಬಳು ತಿಂದಿಲ್ಲ. ಅಡುಗೆ ಮಾಡಿದವಳೂ ಅವಳೇ. ಯಾರು ನಂಬುತ್ತಾರೆ?

ಮನೆಯೊಳಗೆ ಸದ್ದಿರಲಿಲ್ಲ. ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದರು. ನಾದಿನಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಮಗಳು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಳು. ಅವಳ ಎದೆಯ ಮೇಲೆ ಕೈ ಇಟ್ಟೆ. ಅವಳ ಉಸಿರು ತಿಳಿಯಲಿಲ್ಲ. ಬಗ್ಗಿ ಮೂಗಿನ ಹತ್ತಿರ ಕೆನ್ನೆ ಇಟ್ಟೆ. ಬಿಸಿ ಉಸಿರು ತಾಗಿತು. ಕರೆದೆ, ಏಳಲಿಲ್ಲ. ಕಾಲು ಹಿಡಿದು ಅಲುಗಿಸಿದೆ. ಮುಖ ಸಿಂಡರಿಸಿ ಆಚೆ ತಿರುಗಿದಳು.

ಅಡುಗೆಮನೆಗೆ ಹೋದೆ. ಎತ್ತಿಟ್ಟಿದ್ದ ಎರಡು ಕಾಯಿ ಪಾತ್ರೆಯಲ್ಲಿದ್ದವು. ತಿಪ್ಪೆಗೆ ಚೆಲ್ಲಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಪಾತ್ರೆ ಎತ್ತಿದೆ. ಎತ್ತಿದ್ದೇ ತಡ ಅದು ಆಗದ ಕೆಲಸ ಎನ್ನಿಸಿತು. ಒಂದು ಕಾಯಿ ಕೈಗೆ ತೆಗೆದುಕೊಂಡು ಬಾಯಿಯ ಹತ್ತಿರ ತಂದೆ. ಅವರಿಗೆ ಆದದ್ದು ನನಗೂ ಆಗಲಿ. ಎಣ್ಣೆ ತುಟಿಗೆ ತಾಗಿತು. ಆಗ ಹೊಳೆಯಿತು: ನಾನೂ ಬಿದ್ದರೆ, ಇವರು ಏನು ತಿಂದರು ಎಂದು ಹೇಳುವವರು ಯಾರು? ಕಾಯಿಯನ್ನು ವಾಪಸು ಹಾಕಿ, ತಟ್ಟೆ ಮುಚ್ಚಿ, ಸೆರಗಿನಿಂದ ಬಾಯಿ ಉಜ್ಜಿಕೊಂಡೆ.

ಒಳಗಿನಿಂದ ನಾದಿನಿ ಕೂಗಿದಳು. "ಅತ್ತಿಗೀ, ಹೊಟ್ಟಿ ತೊಳಸ್ತೈತಿ." ನಾನು ಹೋಗುವಷ್ಟರಲ್ಲಿ ಬಚ್ಚಲ ಬಾಗಿಲಲ್ಲಿ ಕೂತು ವಾಂತಿ ಮಾಡುತ್ತಿದ್ದಳು. ಅತ್ತೆ ಎಚ್ಚರಾಗಿ ಅವಳ ಬೆನ್ನು ಸವರುತ್ತಿದ್ದರು. "ಎಣ್ಣಿ ಜಾಸ್ತಿ ಆತು ಕಾಣ್ತೈತಿ," ಎಂದರು.

ಹಿಂದಕ್ಕೆ ಹೆಜ್ಜೆ ಹಾಕಿ, ತೊಟ್ಟಿಲಿನಿಂದ ಮಗಳನ್ನು ಎತ್ತಿಕೊಂಡು ಬೀದಿಗೆ ಬಂದೆ. ಎರಡು ಅಡ್ಡರಸ್ತೆ ಓಡಿದೆ. ಬೆಳಿಗ್ಗೆ ತಟ್ಟಲಾರದ ಬಾಗಿಲನ್ನು ಅಂಗೈಯಲ್ಲಿ ಬಡಿದೆ.

ದಫೇದಾರರೇ ಬಾಗಿಲು ತೆಗೆದರು. ಕೈಯಲ್ಲಿ ಕಾಫಿ ಲೋಟ.

"ನಿಮ್ಮ ತುಂಡಿನಿಂದ ಬದನೆಕಾಯಿ ಕದ್ದೆ," ಎಂದೆ. "ಆರು ಕಾಯಿ. ಅಡುಗೆ ಮಾಡಿ ಹಾಕಿದೆ. ಎಲ್ಲಾರೂ ತಿಂದಾರೆ. ನಾದಿನಿ ಬಸುರಿ, ಆಗಲೇ ವಾಂತಿ ಮಾಡ್ಕೊಳ್ತಾಳೆ."

ಅವರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದೆ.

"ಯಾವಾಗ ತಿಂದ್ರು?"

"ಮಧ್ಯಾಹ್ನ, ಒಂದು ಗಂಟೆ."

"ತೊಳ್ದಿದ್ರಾ?"

"ಒಂದ್ಸಲ."

"ಈ ಮಗು ತಿಂತಾ?"

"ಎಣ್ಣೆ ತಿಂದೈತಿ. ಕಾಯಿ ತಿಂದಿಲ್ಲ."

ಅವರು ನನ್ನ ಮಗಳ ಗದ್ದ ಹಿಡಿದೆತ್ತಿ ಕಣ್ಣು ನೋಡಿದರು. ಆ ದಪ್ಪ ಬೆರಳುಗಳು ಅದುರುತ್ತಿದ್ದುದನ್ನು ಆಗ ಕಂಡೆ. ಅವರಿಗೂ ಹೆದರಿಕೆಯಾಗಿತ್ತು. ಅದನ್ನು ಕಂಡು ನನಗಿದ್ದ ಧೈರ್ಯವೂ ಹೋಯಿತು.

"ಮನೆಗೆ ಹೋಗು ತಾಯಿ. ಯಾರ್ನೂ ಮಲಗೋಕೆ ಬಿಡಬೇಡ. ಮಾತಾಡಿಸ್ತಾ ಇರು. ಉಳ್ದಿರೋ ಅಡುಗೆ ಚೆಲ್ಲಬೇಡ. ಡಾಕ್ಟ್ರನ್ನ ನಾನು ಕರ್ಕೊಂಡು ಬರ್ತೀನಿ," ಎಂದರು. ಒಳಗೆ ಹೋಗಿ ಮದ್ದಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಬನಿಯನ್ನಿನಲ್ಲೇ ಸೈಕಲ್ ಹತ್ತಿ ಮಾಗಡಿ ರಸ್ತೆಯ ಕಡೆ ಹೋದರು.

ಮನೆಗೆ ಬಂದು ಅತ್ತೆಯ ಮುಂದೆ ನಿಂತೆ. ಹೇಳಲೇಬೇಕಿತ್ತು. ಹೇಳಿದೆ. ಕದ್ದದ್ದು, ಮದ್ದು ಹೊಡೆದದ್ದು, ಡಾಕ್ಟರು ಬರುವುದು, ಎಲ್ಲ ಒಂದೇ ಉಸಿರಿಗೆ. ನಾದಿನಿ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು "ಅವ್ವಾ" ಎಂದಳು. ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು:

"ನೀ ಉಂಡಿಲ್ಲಲ್ಲ?"

"ಸೋಮವಾರ, ಅತ್ತೀ."

ಅವರು ಮುಖ ತಿರುಗಿಸಿ ನಾದಿನಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಡಾಕ್ಟರು ಬರುವ ತನಕದ ಹೊತ್ತು ಎಷ್ಟೋ ಗೊತ್ತಿಲ್ಲ. ನಾದಿನಿಯ ಹಣೆಯ ಮೇಲೆ ಬೆವರು ಮೂಡಿತು. ಬಿಸಿಲಿನ ಬೆವರೋ, ವಿಷದ ಬೆವರೋ? ಅತ್ತೆ ಎರಡು ಸಲ ಎಂಜಲು ನುಂಗಿದರು; ಬಾಯಲ್ಲಿ ನೀರೂರುತ್ತಿದೆಯೇ ಎಂದು ನೋಡಿದೆ. ಮಗಳು ಆಕಳಿಸಿದರೆ ಎದೆ ಹಾರುತ್ತಿತ್ತು. ಅವಳ ಮುಂದೆ ಕೂತು ಕೈಬಳೆ ಆಡಿಸುತ್ತ, ಕಾಗೆ ಗುಬ್ಬಚ್ಚಿ ಎಂದು ಬಾಯಿಗೆ ಬಂದದ್ದು ಹೇಳುತ್ತ ಇದ್ದೆ. ನನ್ನ ದನಿ ನನಗೇ ಗುರುತು ಸಿಗುತ್ತಿರಲಿಲ್ಲ. ಐದು ಗಂಟೆಗೆ ಕಾರ್ಖಾನೆಯ ಸೈರನ್ ಕೂಗಿದಾಗ ನಾವು ಮೂವರೂ ಬೆಚ್ಚಿಬಿದ್ದೆವು.

ದಫೇದಾರರು ಡಾಕ್ಟರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದರು. ಮಾಗಡಿ ರಸ್ತೆಯಲ್ಲಿ ಸಣ್ಣ ದವಾಖಾನೆ ಇಟ್ಟಿದ್ದ ವಯಸ್ಸಾದ ಡಾಕ್ಟರು. ಡಬ್ಬಿಯ ಮೇಲಿನ ಬರಹವನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದರು. ಒಬ್ಬೊಬ್ಬರ ರೆಪ್ಪೆ ಎತ್ತಿ ನೋಡಿದರು, ನಾಡಿ ಹಿಡಿದರು. ಉಳಿದ ಎರಡು ಕಾಯಿಯನ್ನು ಮೂಸಿ ನೋಡಿದರು. ಅತ್ತೆಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು.

"ಎಷ್ಟು ಗಟ್ಟಿ ಕಲಸಿದ್ರಿ?" ಎಂದು ದಫೇದಾರರನ್ನು ಕೇಳಿದರು.

"ಹೇಳಿದ್ದಕ್ಕಿಂತ ತೆಳ್ಳಗೇ, ಸಾರ್. ಅದೂ ಪೂರ್ತಿ ಹೊಡ್ದಿಲ್ಲ. ಕತ್ತಲಾಯ್ತು ಅಂತ ಅರ್ಧಕ್ಕೇ ಬಿಟ್ಟೆ." ನನ್ನ ಕಡೆ ತಿರುಗಿದರು. "ಯಾವ ಕಡೆಯಿಂದ ಕಿತ್ತೆ ತಾಯಿ? ಬಾವಿ ಕಡೆಯಿಂದಾನಾ, ಈಚೆ ಕಡೆಯಿಂದಾನಾ?"

ನೆನಪು ಮಾಡಿಕೊಳ್ಳಲು ನೋಡಿದೆ. ಬುಟ್ಟಿ ಯಾವ ಕೈಯಲ್ಲಿತ್ತು, ಬಿಸಿಲು ಯಾವ ಕಡೆ ಇತ್ತು. ಯಾರಾದರೂ ನೋಡುತ್ತಿದ್ದಾರೋ ಎಂದು ಸುತ್ತ ನೋಡಿದ್ದೊಂದೇ ನೆನಪಿತ್ತು. "ಗೊತ್ತಿಲ್ಲ," ಎಂದೆ. ಬಿಳಿ ಧೂಳಿನ ಮಾತು ಹೇಳಿದೆ. ಡಾಕ್ಟರು ನಾದಿನಿಯ ನಾಡಿಯನ್ನು ಮತ್ತೊಮ್ಮೆ ಹಿಡಿದು ನೋಡಿದರು.

"ವಯಸ್ಸಾದೋರು, ಮಗು, ಸದ್ಯಕ್ಕೆ ಪರವಾಗಿಲ್ಲ. ಈ ಹುಡುಗೀನ ಮಾತ್ರ ಮನೇಲಿ ಇಟ್ಕೊಳೋದು ಬೇಡ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದರು.

ಯಜಮಾನರು ಕೆಲಸದಿಂದ ಬಂದಾಗ ಬಾಗಿಲಲ್ಲಿ ಜಟಕಾ ನಿಂತಿತ್ತು. ಏನು ಎತ್ತ ಎಂದು ಅವರಿಗೆ ದಫೇದಾರರೇ ರಸ್ತೆಯಲ್ಲಿ ನಿಂತು ಹೇಳಿದರು. ಯಜಮಾನರು ತಾಯಿ, ತಂಗಿ, ಡಬ್ಬಿ, ಆ ಪಾತ್ರೆ ಎಲ್ಲವನ್ನೂ ಜಟಕಾದಲ್ಲಿ ಕೂರಿಸಿಕೊಂಡು ಹೊರಟರು. ದಫೇದಾರರು ಸೈಕಲ್ಲಿನಲ್ಲಿ ಹಿಂದೆ ಹೋದರು. ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಾನೊಬ್ಬಳೇ ಉಳಿದೆ. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಾದಿನಿಯ ಕೈ ಹೊಟ್ಟೆಯ ಮೇಲೇ ಇತ್ತು.

ಮರುದಿನ ಹತ್ತು ಗಂಟೆಗೆ ಯಜಮಾನರು ವಾಪಸು ಬಂದರು. ಬಾಗಿಲಲ್ಲಿ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ಕಾಲು ನೋಡಿದೆ. ಚಪ್ಪಲಿ ಬಿಚ್ಚುತ್ತ, "ಏನೂ ಆಗಿಲ್ಲ. ಕೂಸಿನ ಬಡಿತ ಸರಿಯಾಗೈತಂತ. ಎರಡು ದಿನ ಇಟ್ಕೊಂಡು ಕಳಿಸ್ತಾರ," ಎಂದರು. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅವರು ಕೊಡದಿಂದ ತಾವೇ ನೀರು ಬಗ್ಗಿಸಿಕೊಂಡು ಕುಡಿದರು. ನನಗೂ ಒಂದು ಲೋಟ ಕೊಟ್ಟರು.

ವಾಂತಿ ಮದ್ದಿನಿಂದ ಆದದ್ದೋ, ಬಿಸಿಲಲ್ಲಿ ಎಣ್ಣೆ ಹೆಚ್ಚು ತಿಂದದ್ದಕ್ಕೆ ಆದದ್ದೋ ಆಸ್ಪತ್ರೆಯವರಿಗೂ ಖಚಿತವಾಗಿ ಹೇಳಲಾಗಲಿಲ್ಲ. ನಾನು ಕಿತ್ತದ್ದು ಮದ್ದು ಬಿದ್ದ ಗಿಡವೋ ಬೀಳದ ಗಿಡವೋ, ಅದೂ ತಿಳಿಯಲೇ ಇಲ್ಲ. ಆ ಧೂಳು ಬರೀ ಕೆಮ್ಮಣ್ಣಿನ ಧೂಳಾಗಿದ್ದರೂ ಇರಬಹುದು. ಆದರೆ ಕೆಮ್ಮಣ್ಣು ಬೆಳ್ಳಗಿರುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಬಾವಿಕಟ್ಟೆಗೆ ಬರಬೇಕೆಂದು ಅಜ್ಜಿ ಹೇಳಿ ಕಳಿಸಿದಳು. ತುಂಡು ಹೋಯಿತು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ಜನರ ಮುಂದೆ ಕಳ್ಳಿಯಾಗಿ ನಿಲ್ಲುವುದು. ಊರಿಗೆ ಹೋಗಿಬಿಡೋಣ ಎಂದೂ ಅನ್ನಿಸಿತು. ಯಜಮಾನರು, "ನಾನೂ ಬರ್ತೀನಿ, ನಡಿ," ಎಂದರು.

ಹೊಂಗೆಮರದ ಕೆಳಗೆ ತುಂಡು ಹಿಡಿದ ಮನೆಗಳಿಂದ ಒಬ್ಬೊಬ್ಬರು ಬಂದು ನಿಂತಿದ್ದರು. ನನ್ನ ಚಪ್ಪಲಿ ಬಾವಿಕಟ್ಟೆಯ ಪಕ್ಕ ಜೋಡಿಸಿಟ್ಟಿತ್ತು. ಕೊಡವನ್ನೂ ಯಾರೋ ಪಾತಾಳಗರಡಿ ಹಾಕಿ ಮೇಲೆತ್ತಿದ್ದರು. ಅಜ್ಜಿ ಬಾಯಿ ತೆರೆಯುವ ಮೊದಲೇ ದಫೇದಾರರು ಮುಂದೆ ಬಂದರು. ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

"ಅಜ್ಜೀ, ಮೊದ್ಲು ನಂದು ಕೇಳು. ಮದ್ದು ಹೊಡ್ದಾಗ ಇಲ್ಲಿ ಇದ್ದೋರಿಗೆ ಹೇಳ್ದೆ. ಇಲ್ಲದೋರ ಮನೆಗೆ ಹೋಗಿ ಹೇಳ್ಲಿಲ್ಲ. ಪಕ್ಕದ ತುಂಡಿನವರು ಕಾಯ್ಲೆ ಮಲಗವ್ರೆ ಅಂತ ಗೊತ್ತಿತ್ತು ನಂಗೆ, ನೀರು ಹಾಕ್ತಾ ಇದ್ದೋನೇ ನಾನು. ಬೇವಿನ ಕೊಂಬೆ ನೆಟ್ರೆ ಯಾರಿಗೆ ಏನು ತಿಳೀತದೆ? ತಪ್ಪು ನಂದು."

"ನಿಂದೂ ಅಯ್ತೆ," ಎಂದಳು ಅಜ್ಜಿ. ನನ್ನ ಕಡೆ ನೋಡಿದಳು. "ನಿಂದು ನೀನು ಹೇಳವ್ವ."

ಕೈಕಟ್ಟಿಕೊಂಡು ಹೇಳಿದೆ. ಈ ಸಲ ಏನನ್ನೂ ಮರೆಯಲಿಲ್ಲ.

"ಕೇಳ್ಬೋದಿತ್ತಲ್ಲ. ಯಾಕೆ ಕೇಳ್ಲಿಲ್ಲ?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಅವರ ಮೀಸೆ ಕಂಡ್ರೆ ಹೆದರಿಕೆ," ಎಂದೆ.

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ದಫೇದಾರರು ನಗಲಿಲ್ಲ. ತಲೆ ತಗ್ಗಿಸಿ ತಮ್ಮ ಕಾಲ ಬೆರಳು ನೋಡುತ್ತ ನಿಂತರು. ಆ ಹೊತ್ತು ನನಗೆ ಅವರಿಗಿಂತ ನಾನಾಡಿದ ಮಾತಿನ ಬಗ್ಗೆಯೇ ಹೆಚ್ಚು ಹೆದರಿಕೆಯಾಯಿತು.

ಅಜ್ಜಿ ತುಂಡು ಕಿತ್ತುಕೊಳ್ಳಲಿಲ್ಲ. ದಫೇದಾರರ ಬದನೆಗಿಡಗಳನ್ನೆಲ್ಲ ಅವರ ಕೈಯಲ್ಲೇ ಬುಡಸಮೇತ ಕೀಳಿಸಿ, ಹೊಲದ ಮೂಲೆಯಲ್ಲಿ ಗುಂಡಿ ತೋಡಿಸಿ ಹೂಳಿಸಿದಳು. ಗುಂಡಿಗೆ ಮಣ್ಣೆಳೆಯುವ ಕೆಲಸ ನನಗೆ ಕೊಟ್ಟಳು. ಇನ್ನು ಮುಂದೆ ಯಾರಾದರೂ ಮದ್ದು ಹೊಡೆಯಬೇಕಾದರೆ ಹಿಂದಿನ ದಿನವೇ ಇಪ್ಪತ್ತು ಮನೆಗೂ ಹೋಗಿ ಹೇಳಬೇಕು, ಹೇಳಿದ ಮೇಲೆ ಬದುವಿನ ಸುತ್ತ ಕೆಂಪು ಬಟ್ಟೆ ಕಟ್ಟಬೇಕು ಎಂಬ ಹೊಸ ಕಟ್ಟಳೆ ಹುಟ್ಟಿತು. ನೆರೆದವರೆಲ್ಲ ಒಬ್ಬೊಬ್ಬರಾಗಿ ಅದನ್ನು ಬಾಯಲ್ಲಿ ಹೇಳಿದರು. ಇಪ್ಪತ್ತು ಮನೆ ಸುತ್ತುವ ಕಷ್ಟಕ್ಕೋ ಏನೋ, ಆಮೇಲೆ ಅಲ್ಲಿ ಯಾರೂ ಮದ್ದು ಹೊಡೆದದ್ದನ್ನು ನಾನು ಕಾಣಲಿಲ್ಲ.

ಮನೆಯೊಳಗಿನದು ಅಷ್ಟು ಬೇಗ ಮುಗಿಯಲಿಲ್ಲ. ನಾದಿನಿ ಆಸ್ಪತ್ರೆಯಿಂದ ಬಂದ ದಿನ ಮಧ್ಯಾಹ್ನ ಎಲ್ಲರಿಗೂ ಬಡಿಸಿದೆ. ಅತ್ತೆ ತುತ್ತು ಎತ್ತಲಿಲ್ಲ. ತಮ್ಮ ತಟ್ಟೆಯಿಂದಲೇ ಒಂದು ಚೂರು ರೊಟ್ಟಿ ಮುರಿದು, ಪಲ್ಯ ಹಚ್ಚಿ ನನ್ನ ಕಡೆ ಚಾಚಿದರು. "ನೀ ಮೊದ್ಲು ಉಣ್ಣು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಂದೆ. ನಾನು ನುಂಗುವ ತನಕ ನೋಡಿ, ಆಮೇಲೆ ತಾವು ತಿಂದರು.

ರಾತ್ರಿಯೂ ಹಾಗೇ, ಮರುದಿನವೂ ಹಾಗೇ. ಸೋಮವಾರದ ಒಪ್ಪತ್ತು ಬಿಟ್ಟೆ. ನಾನೇ ಕೈಯಾರೆ ಮಾಡಿದ ಅಡುಗೆ, ಅದರಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತು. ಆದರೂ ನುಂಗುವಾಗ, ಇದ್ದರೆ? ಎನ್ನಿಸುತ್ತಿತ್ತು. ತರಕಾರಿಯನ್ನು ಮೂರು ಸಲ, ನಾಲ್ಕು ಸಲ ತೊಳೆಯುತ್ತಿದ್ದೆ. ಬೀದಿ ನಲ್ಲಿಯ ಸಾಲಿನಲ್ಲಿ ನಿಂತವರು ಬೈಯುತ್ತಿದ್ದರು. ಯಜಮಾನರಿಗೆ ಈ ತುತ್ತಿನ ವಿಷಯ ಗೊತ್ತಿತ್ತೋ ಇಲ್ಲವೋ. ಅವರು ಊಟಕ್ಕೆ ಕೂತಾಗ ಅತ್ತೆ ಹಾಗೆ ಮಾಡುತ್ತಿರಲಿಲ್ಲ, ಅವರು ಎದ್ದು ಹೋದ ಮೇಲೆ ಮಾಡುತ್ತಿದ್ದರು. ನಾನೂ ಹೇಳಲಿಲ್ಲ. ನೆರೆಯವರ ಮುಂದೆ ಮಾತ್ರ ಅತ್ತೆ ನನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆಸ್ಪತ್ರೆಗೆ ಯಾಕೆ ಹೋಗಿದ್ದಿರಿ ಎಂದು ಕೇಳಿದವರಿಗೆ, "ಬಿಸಿಲು ಬಡಿದಿತ್ತು," ಎಂದರು.

ಎರಡು ತಿಂಗಳ ಮೇಲೆ ನಾದಿನಿಗೆ ಹೆರಿಗೆಯಾಯಿತು, ಗಂಡುಮಗು. ಸೂಲಗಿತ್ತಿ ಕೂಸನ್ನು ಹೊರಗೆ ತಂದಾಗ ಎಲ್ಲರೂ ಮುಖ ನೋಡಿದರು, ನಾನು ಬೆರಳು ಎಣಿಸಿದೆ. ಕೈ ಬೆರಳು, ಕಾಲು ಬೆರಳು. ಕಣ್ಣು ಬಿಡುವ ತನಕ ಪಕ್ಕದಲ್ಲೇ ಕೂತಿದ್ದೆ. ಅತ್ತೆ ನನ್ನನ್ನು ನೋಡುತ್ತಿದ್ದರು. ಅವರೂ ಎಣಿಸಿದ್ದರೆಂದು ಆಮೇಲೆ ನಾದಿನಿ ಹೇಳಿದಳು.

ಅಂದು ಮನೆಯಲ್ಲಿ ಒಲೆ ಹಚ್ಚಿದಾಗ ಮಧ್ಯಾಹ್ನ ಮೂರು ದಾಟಿತ್ತು. ಅನ್ನ, ತಿಳಿಸಾರು, ನನ್ನ ತುಂಡಿನ ಹರಿವೆಸೊಪ್ಪಿನ ಪಲ್ಯ. ಅತ್ತೆಗೆ ಬಡಿಸಿ, ಅಭ್ಯಾಸದಂತೆ ಎದುರಿಗೆ ಕೂತು ಕೈ ಮುಂದೆ ಚಾಚಿದೆ. ಅವರು ನನ್ನ ಕೈ ನೋಡಿದರು. "ಹಸಿದೇನಿ, ತಡಿ," ಎಂದು ತಾವೇ ಮೊದಲ ತುತ್ತು ಕಲಸಿ ಬಾಯಿಗಿಟ್ಟುಕೊಂಡರು. ಅಗಿದು ನುಂಗಿ, "ಉಪ್ಪು ಕಮ್ಮಿ," ಎಂದರು.

ಉಪ್ಪಿನ ಡಬ್ಬಿ ತರಲು ಅಡುಗೆಮನೆಗೆ ಹೋದವಳು ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಗೋಡೆಯಾಚೆ ಅವರು ಉಣ್ಣುವ ಸದ್ದು ಕೇಳುತ್ತಿತ್ತು. ಒಂದು, ಎರಡು, ಮೂರು ತುತ್ತು. ಅವರಿಗೆ ಏನೂ ಆಗುತ್ತಿಲ್ಲವೆಂದು ಕಿವಿಗೊಟ್ಟು ಕೇಳಿ, ಆಮೇಲೆ ಹೊರಗೆ ಬಂದೆ.